ಸ್ಮಾರ್ಟ್ ಮೀಟರ್ ಬಂದರೆ ಕೀಲಿಕೈ ಯಾರ ಕೈಯಲ್ಲಿ? ‘ಓಪನ್’ ಸ್ಮಾರ್ಟ್ ಗ್ರಿಡ್ ಬಗ್ಗೆ ಮುನವಳ್ಳಿ ತಿಳಿಯಬೇಕಾದದ್ದು

ಮುನವಳ್ಳಿ: ಸಂಜೆ ಏಳರ ಹೊತ್ತು. ಅಡ್ಡಮಳೆಯ ಗಾಳಿ ಬೀಸಿ ಹತ್ತು ನಿಮಿಷ ಆಗಿಲ್ಲ, ಕರೆಂಟ್ ಹೋತು. ಹಿಟ್ಟಿನ ಗಿರಣಿಯಲ್ಲಿ ಅರ್ಧ ಬೀಸಿದ ಜೋಳ ಹಾಗೇ ನಿಂತಿದೆ. ಝೆರಾಕ್ಸ್ ಅಂಗಡಿಯ ಮುಂದೆ ಆಧಾರ್ ಪ್ರತಿ ಬೇಕಾದವರು ಕಾಯುತ್ತಿದ್ದಾರೆ. ಬೇಕರಿಯವರು ಫ್ರಿಜ್ ಬಾಗಿಲು ತೆಗೆಯಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದಾರೆ. ಅಂಗಡಿಕಾರರು ಮೊದಲು ಮಾಡುವ ಕೆಲಸ ಒಂದೇ, ಹೊರಗೆ ಬಂದು ಎದುರು ಸಾಲಿನಲ್ಲಿ ಲೈಟ್ ಇದೆಯಾ ಎಂದು ನೋಡುವುದು. ಅಲ್ಲಿಯೂ ಇಲ್ಲದಿದ್ದರೆ ‘ಎಲ್ಲಾ ಕಡೆ ಹೋಗೇತಿ, ಬರ್ತದ ಬಿಡು’ ಎಂಬ ಸಮಾಧಾನ. ಅಲ್ಲಿದ್ದು ಇಲ್ಲಿಲ್ಲ ಅಂದರೆ ಫೋನ್ ಶುರು.

‘ಸರ, ನಮ್ಮ ಓಣ್ಯಾಗ ಕರೆಂಟ್ ಇಲ್ರಿ. ಯಾವಾಗ ಬರ್ತದ್ರಿ?’

‘ನೋಡಾಕತ್ತೀವ್ರಿ. ಎಲ್ಲಿ ಹೋಗೇತಿ ಅಂತ ಇನ್ನೂ ಸಿಕ್ಕಿಲ್ಲ.’

ಇದು ಒಂದು ದಿನದ ಮಾತಲ್ಲ, ಒಂದೇ ಊರಿನ ಮಾತೂ ಅಲ್ಲ. ರಾಜ್ಯದ ಯಾವುದೇ ತಾಲ್ಲೂಕಿನಲ್ಲಿ ಕೇಳುವ ಸಂಭಾಷಣೆ. ಆ ಲೈನ್‌ಮನ್ ಸುಳ್ಳು ಹೇಳುತ್ತಿಲ್ಲ. ಕರೆಂಟ್ ಎಲ್ಲಿ ಕಡಿದಿದೆ ಎಂದು ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಇದನ್ನು ಸರಿಪಡಿಸುತ್ತೇವೆ ಎಂದು ಬರುತ್ತಿರುವುದೇ ‘ಸ್ಮಾರ್ಟ್ ಗ್ರಿಡ್’. ಆದರೆ ಅದು ಹೇಗೆ ಬರುತ್ತದೆ, ಯಾರ ಹಿಡಿತದಲ್ಲಿರುತ್ತದೆ ಎಂಬುದು ಅಂಗಡಿಯ ಬಿಲ್ಲಿಗೂ ಊರಿನ ಬೀದಿದೀಪಕ್ಕೂ ಸಂಬಂಧಪಟ್ಟ ಪ್ರಶ್ನೆ. ‘ಓಪನ್’ ಅಂದರೆ ಎಲ್ಲರಿಗೂ ತೆರೆದ ತಂತ್ರಜ್ಞಾನದ ಮಾತು ಬರುವುದು ಅಲ್ಲೇ.

ವೈರು ಇದೆ, ಕಣ್ಣಿಲ್ಲ

ಕರೆಂಟ್ ಮನೆಗೆ ಬರುವ ದಾರಿಯನ್ನು ಮೊದಲು ನೋಡೋಣ. ದೊಡ್ಡ ಲೈನುಗಳನ್ನು ನೋಡಿಕೊಳ್ಳುವುದು ಕೆಪಿಟಿಸಿಎಲ್. ಸಬ್‌ಸ್ಟೇಷನ್‌ನಿಂದ ಆಚೆಗೆ, ಅಂದರೆ 11 ಕೆವಿ ಫೀಡರ್, ಟಿಸಿ, ಕಂಬ, ಮೀಟರ್, ಬಿಲ್ಲು ಎಲ್ಲವೂ ನಮ್ಮ ಭಾಗದಲ್ಲಿ ಹೆಸ್ಕಾಂ ಕೆಲಸ. ಜನ ಇವತ್ತಿಗೂ ‘ಕೆಇಬಿ’ ಎಂದೇ ಕರೆದರೂ, 2002ರ ಜೂನ್‌ನಿಂದ ಬೆಳಗಾವಿ ಸೇರಿ ಏಳು ಜಿಲ್ಲೆಗಳ ವಿತರಣೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂ ಪಾಲಿಗಿದೆ.

ಸಬ್‌ಸ್ಟೇಷನ್‌ನಲ್ಲಿ ಕೂತವರಿಗೆ ಫೀಡರ್ ಮಟ್ಟದ ಮಾಹಿತಿ ಸಿಗುತ್ತದೆ. ಈ ಫೀಡರ್‌ನಲ್ಲಿ ಎಷ್ಟು ಆಂಪಿಯರ್ ಹೋಗುತ್ತಿದೆ, ಟ್ರಿಪ್ ಆಯಿತಾ ಇಲ್ಲವಾ ಎಂಬುದು ಗೊತ್ತಾಗುತ್ತದೆ. ಅದರ ಕೆಳಗೆ ಕತ್ತಲೆ. ಒಂದು ಫೀಡರ್ ಮೇಲೆ ಹತ್ತಾರು ಟಿಸಿಗಳಿರಬಹುದು. ಒಂದು ಟಿಸಿಯ ಫ್ಯೂಜ್ ಹೋದರೆ, ಒಂದು ಓಣಿಯ ಜಂಪ್ ಕಡಿದರೆ ಸಬ್‌ಸ್ಟೇಷನ್‌ನಲ್ಲಿ ಏನೂ ಕಾಣುವುದಿಲ್ಲ. ಯಾರಾದರೂ ಫೋನ್ ಮಾಡಿದಾಗಲೇ ಗೊತ್ತಾಗುವುದು. ಫೀಡರ್ ಪೂರ್ತಿ ಟ್ರಿಪ್ ಆದರೂ ಅಷ್ಟೇ. ಕೊಂಬೆ ಬಿದ್ದಿದ್ದು ಯಾವ ಕಂಬದ ಹತ್ತಿರ ಎಂದು ಹುಡುಕಲು ಮಳೆಯಲ್ಲೇ ಬ್ಯಾಟರಿ ಹಿಡಿದು ಲೈನ್ ಹಿಂದೆ ನಡೆಯಬೇಕು. ಮಲಪ್ರಭೆಯ ದಂಡೆಯ ಹೊಲಗಳ ನಡುವೆ ರಾತ್ರಿ ಲೈನ್ ಹಿಡಿದು ಹೋಗುವುದು ಎಂಥ ಕೆಲಸ ಎಂಬುದು ಹೋದವರಿಗೇ ಗೊತ್ತು. ಎಷ್ಟೋ ಸಲ ರಿಪೇರಿಗೆ ಹಿಡಿಯುವುದು ಅರ್ಧ ಗಂಟೆ, ಹುಡುಕುವುದಕ್ಕೆ ಅದರ ಎರಡು ಮೂರು ಪಟ್ಟು.

ಸ್ಮಾರ್ಟ್ ಗ್ರಿಡ್ ಅಂದರೆ ಏನು?

ಇದೇ ವೈರು, ಇದೇ ಕಂಬಗಳಿಗೆ ಕಣ್ಣು, ಬಾಯಿ, ಕೈ ಕೊಡುವುದಕ್ಕೆ ಸ್ಮಾರ್ಟ್ ಗ್ರಿಡ್ ಎನ್ನುತ್ತಾರೆ. ಕಣ್ಣು ಅಂದರೆ ಅಳೆಯುವ ಸಾಧನಗಳು: ಅಂಗಡಿಯ ಸ್ಮಾರ್ಟ್ ಮೀಟರ್, ಟಿಸಿಗೆ ಹಾಕುವ ಮೀಟರ್, 11 ಕೆವಿ ಲೈನ್‌ಗೆ ತೂಗುಹಾಕುವ, ದೋಷ ಆ ಕಡೆಗಿದೆಯೋ ಈ ಕಡೆಗಿದೆಯೋ ತೋರಿಸುವ ಇಂಡಿಕೇಟರ್. ಬಾಯಿ ಅಂದರೆ ಸಂಪರ್ಕ: ಮೊಬೈಲ್ ಸಿಮ್ ಅಥವಾ ರೇಡಿಯೋ ಮೂಲಕ ಆ ಮಾಹಿತಿ ಕಚೇರಿಯ ಕಂಪ್ಯೂಟರ್‌ಗೆ ಹೋಗುವುದು. ಕೈ ಅಂದರೆ ದೂರದಿಂದಲೇ ಸ್ವಿಚ್ ಹಾಕಿ ತೆಗೆಯುವ ವ್ಯವಸ್ಥೆ. ಹಾಳಾದ ತುಂಡನ್ನು ಮಾತ್ರ ಬೇರೆ ಮಾಡಿ, ಉಳಿದ ಊರಿಗೆ ಬೇರೆ ದಾರಿಯಿಂದ ಕರೆಂಟ್ ಕೊಡಲು ಅದು ಬೇಕು.

ಒಂದು ಸಣ್ಣ ಉದಾಹರಣೆ. ಸಪ್ಲೈ ಹೋದ ಕ್ಷಣ ಸ್ಮಾರ್ಟ್ ಮೀಟರ್ ತನ್ನೊಳಗೆ ಉಳಿದ ಸ್ವಲ್ಪ ಶಕ್ತಿಯಲ್ಲಿ ‘ನನಗೆ ಕರೆಂಟ್ ಹೋಗಿದೆ’ ಎಂದು ಕೊನೆಯ ಸಂದೇಶ ಕಳಿಸಬಲ್ಲದು. ಒಂದೇ ಮೀಟರ್‌ನಿಂದ ಸಂದೇಶ ಬಂದರೆ ಆ ಅಂಗಡಿಯ ಸರ್ವಿಸ್ ವೈರ್‌ನ ತೊಂದರೆ. ಒಂದು ಟಿಸಿಯ ಕೆಳಗಿನ ಎಲ್ಲಾ ಮೀಟರ್‌ಗಳಿಂದ ಬಂದರೆ ಟಿಸಿಯದ್ದು. ಮೂರು ಟಿಸಿಗಳಿಂದ ಒಟ್ಟಿಗೆ ಬಂದರೆ ಅವಕ್ಕಿಂತ ಹಿಂದಿನ 11 ಕೆವಿ ಲೈನ್‌ನಲ್ಲಿ ಏನೋ ಆಗಿದೆ. ಯಾರೂ ಫೋನ್ ಮಾಡುವ ಮೊದಲೇ ಲೈನ್‌ಮನ್‌ಗೆ ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗುತ್ತದೆ.

ಟಿಸಿ ಸುಡುವ ವಿಷಯಕ್ಕೂ ಇದು ಸಂಬಂಧಪಟ್ಟದ್ದು. ಲೆಕ್ಕಕ್ಕೆ 100 ಕೆವಿಎ ಟಿಸಿ ತೆಗೆದುಕೊಳ್ಳಿ. 433 ವೋಲ್ಟ್‌ನಲ್ಲಿ ಅದು ಪ್ರತಿ ಫೇಸ್‌ಗೆ ಸುಮಾರು 133 ಆಂಪಿಯರ್ ತಡೆಯಬಲ್ಲದು. ಮೂರೂ ಫೇಸ್ ಸೇರಿ 400 ಆಂಪಿಯರ್. ಈಗ ಆರ್ ಫೇಸ್ ಮೇಲೆ 170, ವೈ ಮೇಲೆ 80, ಬಿ ಮೇಲೆ 70 ಆಂಪಿಯರ್ ಬಿದ್ದಿದೆ ಎಂದುಕೊಳ್ಳಿ. ಒಟ್ಟು 320. ಟಿಸಿ ಶೇ. 80ರಷ್ಟೇ ತುಂಬಿದೆ ಎಂದು ಕಾಗದದಲ್ಲಿ ಕಾಣುತ್ತದೆ. ಆದರೆ ಒಂದು ಫೇಸ್ ಮೇಲೆ ಸಹಿಸುವುದಕ್ಕಿಂತ ಶೇ. 28ರಷ್ಟು ಹೆಚ್ಚು ಭಾರವಿದೆ. ಆ ಫೇಸ್‌ನ ಮನೆಗಳಲ್ಲಿ ಫ್ಯಾನ್ ನಿಧಾನ, ಟ್ಯೂಬ್‌ಲೈಟ್ ಮಿಣಮಿಣ. ಬೇಸಿಗೆ ಮುಗಿಯುವುದರೊಳಗೆ ಟಿಸಿ ಹೋಗುವ ಸಂಭವ ಹೆಚ್ಚು. ಇದಕ್ಕೆ ದೊಡ್ಡ ಟಿಸಿ ಬೇಕಿಲ್ಲ. ಆರ್ ಫೇಸ್‌ನ ಕೆಲವು ಮನೆಗಳನ್ನು ಬೇರೆ ಫೇಸ್‌ಗೆ ಹಾಕಿದರೆ ಸಾಕು. ಯಾವ ಮನೆಯನ್ನು ಎಲ್ಲಿಗೆ ಹಾಕಬೇಕು ಎಂದು ಹೇಳುವ ಮಾಹಿತಿ ಬೇಕು, ಅಷ್ಟೇ.

ಹಳೆಯ ಗ್ರಿಡ್‌ಗೆ ಇನ್ನೊಂದು ಹೊಸ ಕಷ್ಟ ಬಂದಿದೆ. ಮೊದಲು ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ಸಬ್‌ಸ್ಟೇಷನ್‌ನಿಂದ ಮನೆಗೆ. ಈಗ ಮನೆಯ ಮೇಲೆ ಸೋಲಾರ್ ಹಾಕಿದವರು ಮಧ್ಯಾಹ್ನ ಲೈನ್‌ಗೇ ವಾಪಸ್ ಕೊಡುತ್ತಾರೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ರೂ. ಸಬ್ಸಿಡಿ ಇರುವುದರಿಂದ ಇಂಥ ಮನೆಗಳು ಹೆಚ್ಚಾಗುತ್ತವೆ. ಸವದತ್ತಿ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳನ್ನು ದಿನಾ ನೋಡುವ ಜನಕ್ಕೆ, ಗಾಳಿ ಬಿಟ್ಟರೆ ವಿದ್ಯುತ್ ಇಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಏರಿಳಿಯುವ ಉತ್ಪಾದನೆಗೆ ಬಳಕೆಯನ್ನು ಹೊಂದಿಸಬೇಕಾದರೆ ಕೆಳಹಂತದಲ್ಲೂ ಕಣ್ಣು ಬೇಕೇ ಬೇಕು.

‘ಓಪನ್’ ಅಂದರೆ ಏನು?

ಇದನ್ನು ಅಂಗಡಿಯ ಗಲ್ಲೆಯಿಂದಲೇ ತಿಳಿಯಬಹುದು. ಗಲ್ಲೆಯ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಒಂದು ಕಂಪನಿಯದ್ದು. ಗಿರಾಕಿಯ ಮೊಬೈಲ್‌ನಲ್ಲಿ ಇರುವುದು ಇನ್ನೊಂದು ಕಂಪನಿಯ ಆ್ಯಪ್. ಅವರ ಬ್ಯಾಂಕ್ ಬೇರೆ, ಅಂಗಡಿಯವರ ಬ್ಯಾಂಕ್ ಬೇರೆ. ಆದರೂ ದುಡ್ಡು ಬಂದು ಬೀಳುತ್ತದೆ. ಯಾಕಂದರೆ ಎಲ್ಲರೂ ಯುಪಿಐ ಎಂಬ ಒಂದೇ ಭಾಷೆಯಲ್ಲಿ ಮಾತಾಡಬೇಕು ಎಂದು ನಿಯಮವಾಗಿದೆ. ಆ ನಿಯಮ ಇಲ್ಲದಿದ್ದರೆ ಪ್ರತಿ ಕಂಪನಿಗೂ ಒಂದೊಂದು ಬೋರ್ಡ್ ಹಚ್ಚಿ, ಗಿರಾಕಿಗೆ ‘ಅದು ನಡೆಯಲ್ರಿ, ಇದು ಐತೇನು?’ ಎಂದು ಕೇಳಬೇಕಾಗುತ್ತಿತ್ತು. ಹಿಂದೆ ಒಂದೊಂದು ಮೊಬೈಲ್‌ಗೆ ಒಂದೊಂದು ಪಿನ್ನಿನ ಚಾರ್ಜರ್ ಇದ್ದದ್ದೂ ಇದೇ ಕಥೆ.

ವಿದ್ಯುತ್ ಜಾಲದಲ್ಲಿ ‘ಓಪನ್’ ಎಂಬುದಕ್ಕೆ ಮೂರು ಅರ್ಥಗಳಿವೆ.

ಮೊದಲನೆಯದು ತೆರೆದ ಮಾನದಂಡ. ಮೀಟರ್ ಯಾವ ಕಂಪನಿಯದ್ದಾದರೂ ಕಚೇರಿಯ ಕಂಪ್ಯೂಟರ್‌ಗೆ ಅದರ ಮಾತು ತಿಳಿಯಬೇಕು. ಜಗತ್ತಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವ ಭಾಷೆ ‘ಡಿಎಲ್‌ಎಂಎಸ್’. ಭಾರತದಲ್ಲಿ ಸ್ಮಾರ್ಟ್ ಮೀಟರ್ ಹೇಗಿರಬೇಕು ಎಂದು ಹೇಳುವ ಐಎಸ್ 16444 ಎಂಬ ಮಾನದಂಡ 2015ರಲ್ಲಿ ಬಂತು. ಮೀಟರ್ ಮಾತಾಡುವ ರೀತಿಯನ್ನು ಐಎಸ್ 15959 ಹೇಳುತ್ತದೆ, ಅದಕ್ಕೆ ಆಧಾರ ಡಿಎಲ್‌ಎಂಎಸ್ಸೇ. ಸಬ್‌ಸ್ಟೇಷನ್ ಒಳಗಿನ ಸಾಧನಗಳಿಗೆ ಐಇಸಿ 61850 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಎರಡನೆಯದು ತೆರೆದ ಸಾಫ್ಟ್‌ವೇರ್. ಪ್ರೋಗ್ರಾಂ ಹೇಗೆ ಬರೆದಿದೆ ಎಂಬುದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು. ಕಿಸೆಯಲ್ಲಿರುವ ಆಂಡ್ರಾಯ್ಡ್ ಮೊಬೈಲ್‌ನ ಒಳಗೆ ಇರುವ ಲಿನಕ್ಸ್ ಇಂಥದ್ದೇ. ವಿದ್ಯುತ್ ಕ್ಷೇತ್ರದಲ್ಲಿ, ಒಂದು ಫೀಡರ್ ಮೇಲೆ ಇನ್ನೂ ಇಷ್ಟು ಲೋಡ್ ಬಂದರೆ ಕೊನೆಯ ಮನೆಯ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕುವ ‘ಓಪನ್‌ಡಿಎಸ್‌ಎಸ್’ ಎಂಬ ಪ್ರೋಗ್ರಾಂ ಅನ್ನು ಅಮೆರಿಕದ ಇಪಿಆರ್‌ಐ ಸಂಸ್ಥೆ 2008ರಲ್ಲಿ ಎಲ್ಲರಿಗೂ ತೆರೆಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮನೆಯ ಲ್ಯಾಪ್‌ಟಾಪ್‌ನಲ್ಲೇ ಅದನ್ನು ಬಳಸಿ ತನ್ನೂರಿನ ಫೀಡರ್ ಲೆಕ್ಕ ಮಾಡಬಹುದು.

ಮೂರನೆಯದು ತೆರೆದ ಮಾಹಿತಿ. ಯಾವ ಫೀಡರ್‌ನಲ್ಲಿ ಎಷ್ಟು ಗಂಟೆ ಕರೆಂಟ್ ಇತ್ತು, ಎಷ್ಟು ವೋಲ್ಟೇಜ್ ಇತ್ತು ಎಂಬುದು ಜನರಿಗೂ ಕಾಣಬೇಕು. ಪುಣೆಯ ‘ಪ್ರಯಾಸ್’ ಸಂಸ್ಥೆ ದೇಶದ ಹಲವು ರಾಜ್ಯಗಳ ಮನೆ, ಅಂಗಡಿಗಳಲ್ಲಿ ಸಣ್ಣ ಯಂತ್ರ ಇಟ್ಟು ನಿಮಿಷ ನಿಮಿಷದ ವೋಲ್ಟೇಜ್ ದಾಖಲಿಸಿ, ಆ ಮಾಹಿತಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಿತು. ‘ನಿಮ್ಮಲ್ಲಿ ಕರೆಂಟ್ ಸರಿ ಐತಲ್ರಿ’ ಎಂಬ ಮಾತಿಗೆ ‘ಇಲ್ರಿ, ಇಲ್ಲಿ ನೋಡ್ರಿ’ ಎಂದು ತೋರಿಸುವ ದಾಖಲೆ ಅದು.

ತೆರೆದಿಲ್ಲದಿದ್ದರೆ ಏನಾಗುತ್ತದೆ?

ಮೀಟರ್ ಒಮ್ಮೆ ಕೂಡಿಸಿದರೆ ವರ್ಷಗಟ್ಟಲೆ ಗೋಡೆಯ ಮೇಲೆ ಇರುವ ವಸ್ತು. ಒಂದು ಕಂಪನಿಯ ಮೀಟರ್, ಅದರದ್ದೇ ಸಿಮ್, ಅದರದ್ದೇ ಸಾಫ್ಟ್‌ವೇರ್ ಎಂದಾದರೆ ಆ ಎಲ್ಲಾ ವರ್ಷ ಕೀಲಿಕೈ ಆ ಕಂಪನಿಯ ಕೈಯಲ್ಲಿ. ನಿರ್ವಹಣೆಗೆ ಅವರು ಹೇಳಿದ್ದೇ ದರ. ಬೇರೆ ಕಂಪನಿ ಕಡಿಮೆಗೆ ಕೊಡುತ್ತೇನೆಂದರೂ ಇದ್ದ ಮೀಟರ್ ಎಲ್ಲಾ ಕಿತ್ತು ಹಾಕದೇ ಬದಲಿಸುವ ಹಾಗಿಲ್ಲ. ಕಂಪನಿಯೇ ಮುಚ್ಚಿದರೆ ಗೋಡೆಯ ಮೇಲಿನ ಮೀಟರ್ ಮೂಕ. ಈ ಖರ್ಚು ಕೊನೆಗೆ ಎಲ್ಲಿಗೆ ಬರುತ್ತದೆ? ಹೆಸ್ಕಾಂನಂಥ ಕಂಪನಿಗಳು ತಮ್ಮ ಖರ್ಚನ್ನೆಲ್ಲಾ ಕೆಇಆರ್‌ಸಿ ಮುಂದೆ ಇಟ್ಟು ಯೂನಿಟ್ ದರ ಕೇಳುತ್ತವೆ. ಅಂದರೆ ಬಿಲ್ಲಿಗೇ ಬರುತ್ತದೆ.

ಮೈಸೂರಿನ ಪ್ರಯೋಗ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 2012ರ ಹೊತ್ತಿಗೆ ಕೇಂದ್ರ ಇಂಧನ ಸಚಿವಾಲಯ ದೇಶದಲ್ಲಿ 14 ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗಳನ್ನು ಆರಿಸಿದಾಗ ಅದರಲ್ಲಿ ಮೈಸೂರೂ ಒಂದಾಗಿತ್ತು. ಅಲ್ಲಿನ ಸೆಸ್ಕ್ ತನ್ನ ನಗರ ವ್ಯಾಪ್ತಿಯ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು, ಮನೆ, ಅಂಗಡಿ, ಕಾರ್ಖಾನೆ, ಪಂಪ್‌ಸೆಟ್ ಎಲ್ಲವನ್ನೂ ಸೇರಿಸಿ, ಈ ಯೋಜನೆಗೆ ತೆಗೆದುಕೊಂಡಿತು. ವೆಚ್ಚ ಸುಮಾರು 32 ಕೋಟಿ ರೂ., ಅರ್ಧ ಕೇಂದ್ರದ ಅನುದಾನ. ಸ್ಮಾರ್ಟ್ ಮೀಟರ್, ಟಿಸಿಗಳ ಮೇಲೆ ನಿಗಾ, ಕರೆಂಟ್ ಹೋದ ಜಾಗ ಪತ್ತೆ, ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ಬಳಕೆ ಕಡಿಮೆ ಮಾಡಿಸುವುದು ಅದರ ಭಾಗಗಳಾಗಿದ್ದವು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಆ 14 ಯೋಜನೆಗಳನ್ನು ಆರಿಸಿದ್ದು 2012ರಲ್ಲಿ, ಭಾರತದ ಸ್ಮಾರ್ಟ್ ಮೀಟರ್ ಮಾನದಂಡ ಬಂದದ್ದು 2015ರಲ್ಲಿ. ಅಂದರೆ ಎಲ್ಲರಿಗೂ ಒಂದೇ ಭಾಷೆ ಗೊತ್ತುಪಡಿಸುವ ಮೊದಲೇ ಮಾತು ಶುರುವಾಗಿತ್ತು. ಈಗ ಬರುವ ಊರುಗಳಿಗೆ ಆ ತೊಡಕಿಲ್ಲ. ಮಾನದಂಡ ಸಿದ್ಧವಿದೆ, ಅದನ್ನು ಟೆಂಡರ್‌ನಲ್ಲಿ ಬರೆದು, ಬಂದ ಮೀಟರ್‌ಗಳನ್ನು ಪರೀಕ್ಷಿಸಿ ಪಾಲಿಸಬೇಕು.

ನೆದರ್ಲೆಂಡ್ಸ್‌ನ ಬೀದಿದೀಪ

ತೆರೆದ ಸಾಫ್ಟ್‌ವೇರ್‌ಗೆ ಒಳ್ಳೆಯ ಉದಾಹರಣೆ ಇರುವುದು ಯುರೋಪಿನ ನೆದರ್ಲೆಂಡ್ಸ್‌ನಲ್ಲಿ. ಅಲ್ಲಿನ ಅಲಿಯಾಂಡರ್ ಎಂಬುದು ನಮ್ಮ ಹೆಸ್ಕಾಂನಂತೆ ವಿದ್ಯುತ್ ಹಂಚುವ ಜಾಲ ನೋಡಿಕೊಳ್ಳುವ ಕಂಪನಿ. ಬೀದಿದೀಪ ಹಚ್ಚಿ ಆರಿಸುವುದು, ಮೀಟರ್ ಓದುವುದು ಇತ್ಯಾದಿ ಪ್ರತಿ ಕೆಲಸಕ್ಕೂ ಒಂದೊಂದು ಕಂಪನಿಯ ಒಂದೊಂದು ವ್ಯವಸ್ಥೆ ಕೊಳ್ಳುವ ಬದಲು, ಅದು ‘ಓಪನ್ ಸ್ಮಾರ್ಟ್ ಗ್ರಿಡ್ ಪ್ಲಾಟ್‌ಫಾರ್ಮ್’ ಎಂಬ ಒಂದು ನಡುವಿನ ಸಾಫ್ಟ್‌ವೇರ್ ಬರೆಸಿತು. ಮೇಲೆ ಪುರಸಭೆಯ ಆ್ಯಪ್ ಇರಲಿ, ವಿದ್ಯುತ್ ಕಂಪನಿಯ ಆ್ಯಪ್ ಇರಲಿ, ಕೆಳಗೆ ಯಾವ ಕಂಪನಿಯ ಸಾಧನವೇ ಇರಲಿ, ನಡುವೆ ಮಾತು ತಲುಪಿಸುವ ದುಭಾಷಿ ಅದು. ಮುಂದೆ ಅದನ್ನು ಲಿನಕ್ಸ್ ಫೌಂಡೇಶನ್ 2018ರಲ್ಲಿ ಕಟ್ಟಿದ ‘ಎಲ್‌ಎಫ್ ಎನರ್ಜಿ’ ಸಂಸ್ಥೆಗೆ ಒಪ್ಪಿಸಲಾಯಿತು. ಈಗ ಅದರ ಹೆಸರು ‘ಜಿಎಕ್ಸ್‌ಎಫ್’. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ಬಳಸಬಹುದು.

ಬೀದಿದೀಪದ ಮಾತು ಮುನವಳ್ಳಿಗೆ ದೂರದ್ದಲ್ಲ. ಬೀದಿದೀಪ ನೋಡಿಕೊಳ್ಳುವುದು ಪುರಸಭೆ, ಕರೆಂಟ್ ಕೊಡುವುದು ಹೆಸ್ಕಾಂ. ಹಗಲು ಹನ್ನೆರಡಕ್ಕೂ ಉರಿಯುವ ದೀಪ, ರಾತ್ರಿ ಉರಿಯದ ದೀಪ ಯಾವ ಊರಲ್ಲಿ ಇಲ್ಲ? ಇಬ್ಬರ ಮಾಹಿತಿಯೂ ಒಂದೇ ಕಡೆ ಸೇರಿದರೆ ಯಾವ ಕಂಬದ ದೀಪ ಹೋಗಿದೆ ಎಂದು ವಾರ್ಡಿನ ಸದಸ್ಯರಿಗೂ ಕೂತಲ್ಲೇ ಕಾಣುತ್ತದೆ.

ಅದೇ ದೇಶದಿಂದ ಇನ್ನೊಂದು ಪಾಠ. ಎಲ್ಲರಿಗೂ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು ಅಲ್ಲಿನ ಮೇಲ್ಮನೆ 2009ರಲ್ಲಿ ಒಪ್ಪಲಿಲ್ಲ. ಕಾರಣ ಖಾಸಗಿತನ. ಕಾಲು ಗಂಟೆಗೊಮ್ಮೆ ಬಳಕೆ ಅಳೆದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ ಎಲ್ಲಾ ತಿಳಿಯುತ್ತದೆ. ಅಂಗಡಿಯದ್ದಾದರೆ ವ್ಯಾಪಾರ ಎಷ್ಟು ನಡೆಯುತ್ತದೆ ಎಂಬ ಅಂದಾಜೂ ಸಿಗುತ್ತದೆ. ಆಮೇಲೆ ಬೇಡವೆನ್ನುವ ಹಕ್ಕನ್ನು ಜನರಿಗೆ ಕೊಟ್ಟು ಯೋಜನೆ ಮುಂದುವರಿಯಿತು. ಅಲ್ಲಿನ ಮೀಟರ್‌ನಲ್ಲಿ ಗ್ರಾಹಕರಿಗೆಂದೇ ಒಂದು ಸಾಕೆಟ್ ಇದೆ. ಸ್ವಂತ ಯಂತ್ರ ಸಿಕ್ಕಿಸಿ ತಮ್ಮ ಬಳಕೆಯನ್ನು ತಾವೇ ಓದಿಕೊಳ್ಳಬಹುದು.

ಒಂದು ತಪ್ಪು ಆದೇಶ, ಒಂದೂವರೆ ಲಕ್ಷ ಮನೆ ಕತ್ತಲು

ದೂರದಿಂದ ಸ್ವಿಚ್ ತೆಗೆಯುವ ‘ಕೈ’ಗೆ ಅಪಾಯವೂ ಇದೆ. 2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿಯ ದಿನ. ಉತ್ತರ ಪ್ರದೇಶದಲ್ಲಿ ಸ್ಮಾರ್ಟ್ ಮೀಟರ್ ಇದ್ದ ಸುಮಾರು ಒಂದೂವರೆ ಲಕ್ಷ ಗ್ರಾಹಕರ ಕರೆಂಟ್ ಒಮ್ಮೆಲೇ ಕಡಿತವಾಯಿತು. ಬಿಲ್ ಬಾಕಿ ಇರಲಿಲ್ಲ, ಲೈನ್ ಕೆಟ್ಟಿರಲಿಲ್ಲ. ಕಂಪ್ಯೂಟರ್‌ನಿಂದ ಹೋದ ತಪ್ಪು ಆದೇಶ. ಸರ್ಕಾರ ತನಿಖೆಗೆ ಹೇಳಿತು, ಹೊಸ ಮೀಟರ್ ಹಾಕುವುದು ಕೆಲ ಕಾಲ ನಿಂತಿತು. ಅದಕ್ಕೂ ಮೊದಲು 2015ರ ಡಿಸೆಂಬರ್‌ನಲ್ಲಿ ಉಕ್ರೇನ್‌ನ ವಿತರಣಾ ಕಂಪನಿಗಳ ಕಂಪ್ಯೂಟರ್‌ಗಳಿಗೆ ನುಗ್ಗಿದ ಹ್ಯಾಕರ್‌ಗಳು ಸುಮಾರು ಎರಡು ಕಾಲು ಲಕ್ಷ ಗ್ರಾಹಕರಿಗೆ ಕತ್ತಲು ಮಾಡಿದ್ದರು. ಆಗ ಅಲ್ಲಿಯ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿ ಗಂಟೆಗಳೊಳಗೆ ಕರೆಂಟ್ ತಂದರು. ಕೈಕೆಲಸ ಗೊತ್ತಿದ್ದ ಜನ ಇದ್ದದ್ದೇ ಊರು ಉಳಿಸಿತು. ಸ್ಮಾರ್ಟ್ ಗ್ರಿಡ್ ಬಂತು ಎಂದು ಲೈನ್‌ಮನ್‌ಗಳ ಸಂಖ್ಯೆ ಇಳಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ಎಲ್ಲಾ ತೆರೆದಿಟ್ಟರೆ ಕಳ್ಳರಿಗೆ ದಾರಿ ತೋರಿಸಿದಂಗ ಅಲ್ಲೇನ್ರಿ?’ ಎಂಬ ಪ್ರಶ್ನೆ ಸಹಜ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಬೀಗ ಮಾಡುವವರೆಲ್ಲರಿಗೂ ಗೊತ್ತು. ಹಾಗಂತ ಎಲ್ಲರ ಮನೆ ಬೀಗ ತೆಗೆಯಲು ಬರುವುದಿಲ್ಲ, ಕೀಲಿಕೈ ಬೇರೆ ಬೇರೆ. ತೆರೆದ ಮಾನದಂಡದಲ್ಲಿ ತೆರೆದಿರುವುದು ಬೀಗದ ವಿನ್ಯಾಸ, ಗುಟ್ಟಾಗಿರುವುದು ಪ್ರತಿ ಮೀಟರ್‌ನ ಕೀಲಿಕೈ. ಡಿಎಲ್‌ಎಂಎಸ್‌ನಲ್ಲಿ ಸಂದೇಶಗಳನ್ನು ಗುಟ್ಟಾಗಿಸಲು ಬಳಸುವ ಎಇಎಸ್ ವಿಧಾನ ಬ್ಯಾಂಕುಗಳೂ ಬಳಸುವಂಥದ್ದು. ಅದು ಎಲ್ಲರಿಗೂ ಗೊತ್ತಿರುವ ವಿಧಾನ. ಸಾವಿರಾರು ಜನ ಪರೀಕ್ಷಿಸಿ ನೋಡಿರುವುದರಿಂದಲೇ ಅದರ ಮೇಲೆ ನಂಬಿಕೆ. ಒಂದೇ ಕಂಪನಿ ಮುಚ್ಚಿಟ್ಟ ವ್ಯವಸ್ಥೆಯಲ್ಲಿ ತೂತು ಇದ್ದರೂ, ಅದು ಒಡೆಯುವವರೆಗೆ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ರಾಜ್ಯದಲ್ಲಿ ಈಗ ಎಲ್ಲಿಗೆ ಬಂದಿದೆ?

ಕೇಂದ್ರ ಸರ್ಕಾರ 2021ರಲ್ಲಿ ತಂದ ಆರ್‌ಡಿಎಸ್‌ಎಸ್ ಯೋಜನೆಯಲ್ಲಿ ದೇಶದಾದ್ಯಂತ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇಟ್ಟಿತು. ಕರ್ನಾಟಕ ಆ ಯೋಜನೆಗೆ ಸೇರಲಿಲ್ಲ. ಕೆಇಆರ್‌ಸಿ ನಿಯಮದ ಮೇಲೆ ಎಸ್ಕಾಂಗಳೇ ಮುಂದುವರಿದವು. 2025ರ ಫೆಬ್ರುವರಿ 15ರಿಂದ ಬೆಸ್ಕಾಂ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಸಿಂಗಲ್ ಫೇಸ್ ಮೀಟರ್‌ಗೆ ಗ್ರಾಹಕರು ಸುಮಾರು 5 ಸಾವಿರ ರೂ. ಕೊಡಬೇಕು ಎಂದಾಗ ಗದ್ದಲವಾಯಿತು. ವಿಧಾನಮಂಡಲದಲ್ಲಿ ಚರ್ಚೆಯಾಯಿತು, ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಅದೇ 2025ರಲ್ಲಿ ಕೇಂದ್ರ ಇಂಧನ ಸಚಿವಾಲಯ, ಯುಪಿಐ ಮಾದರಿಯಲ್ಲೇ ವಿದ್ಯುತ್ ಕ್ಷೇತ್ರಕ್ಕೊಂದು ಸಾಮಾನ್ಯ ಡಿಜಿಟಲ್ ತಳಹದಿ ಕಟ್ಟಲು ‘ಇಂಡಿಯಾ ಎನರ್ಜಿ ಸ್ಟ್ಯಾಕ್’ ಎಂಬ ಕೆಲಸಕ್ಕೆ ಕೈಹಾಕಿದೆ. ಅದಕ್ಕೆ ಮುಖ್ಯ ಮಾರ್ಗದರ್ಶಕರು ಆಧಾರ್ ಕಟ್ಟಿದ ಬೆಂಗಳೂರಿನ ನಂದನ್ ನಿಲೇಕಣಿ.

ಅಂಗಡಿಯ ಬಿಲ್ಲಿಗೆ ಏನು?

ಗೃಹಜ್ಯೋತಿ ಮನೆಗಳಿಗೆ ಮಾತ್ರ, ಅಂಗಡಿಗಿಲ್ಲ. ಆದ್ದರಿಂದ ಅಂಗಡಿಕಾರರಿಗೆ ಮೀಟರ್‌ನ ಪ್ರತಿ ಯೂನಿಟ್ಟೂ ದುಡ್ಡೇ. ಎರಡು ಸಂಗತಿ ಗೊತ್ತಿರಬೇಕು.

ಒಂದು, ಹೊತ್ತಿಗೆ ತಕ್ಕ ದರ. ಕೇಂದ್ರದ ‘ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020’ಕ್ಕೆ 2023ರ ಜೂನ್‌ನಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ ಬಿಸಿಲಿರುವ ಹೊತ್ತಿನಲ್ಲಿ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಏರುವ ಹೊತ್ತಿನಲ್ಲಿ ವಾಣಿಜ್ಯ ಬಳಕೆಗೆ ಕನಿಷ್ಠ 1.2 ಪಟ್ಟು ಇರಬೇಕು. ರಾಜ್ಯದ ದರ ಗೊತ್ತುಮಾಡುವುದು ಕೆಇಆರ್‌ಸಿ. ಇದು ಪೂರ್ತಿ ಜಾರಿಯಾದರೆ ಮಧ್ಯಾಹ್ನ ಬೀಸುವ ಗಿರಣಿಗೆ, ಹಗಲು ವೆಲ್ಡಿಂಗ್ ಮಾಡುವವರಿಗೆ ಲಾಭ. ಸಂಜೆ ಆರರಿಂದ ಹತ್ತರವರೆಗೆ ವ್ಯಾಪಾರ ಮಾಡುವ ಬಟ್ಟೆ ಅಂಗಡಿ, ಖಾನಾವಳಿಗೆ ಭಾರ. ಸಂತೆ, ಜಾತ್ರೆ, ಎಲ್ಲಮ್ಮನ ಹುಣ್ಣಿಮೆ ದಿನಗಳ ವ್ಯಾಪಾರ ಗಡಿಯಾರ ನೋಡಿ ಬರುವುದಿಲ್ಲ ಎಂಬುದನ್ನು ಆಯೋಗದ ಮುಂದೆ ಹೇಳಬೇಕಾದವರು ವ್ಯಾಪಾರಸ್ಥರೇ.

ಎರಡು, ಮಂಜೂರಾದ ಲೋಡ್. ಹಳೆಯ ಮೀಟರ್ ಮುಚ್ಚಿಟ್ಟದ್ದನ್ನು ಸ್ಮಾರ್ಟ್ ಮೀಟರ್ ತೋರಿಸುತ್ತದೆ. 2 ಕಿಲೋವ್ಯಾಟ್ ಮಂಜೂರು ಮಾಡಿಸಿ 4 ಬಳಸುತ್ತಿದ್ದರೆ ಗೊತ್ತಾಗುತ್ತದೆ. ಆದರೆ ಅದೇ ತಿದ್ದುಪಡಿಯ ಪ್ರಕಾರ ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆ ಹಿಡಿದು, ಅದನ್ನು ಕೂಡಿಸುವ ಮೊದಲಿನ ಅವಧಿಗೆ ದಂಡ ಹಾಕುವಂತಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮಿತಿ ಮೀರಿದರೆ ಮಾತ್ರ ಲೋಡ್ ಏರಿಸಬಹುದು. ಮೀಟರ್ ರೀಡಿಂಗ್ ಮೇಲೆ ಅನುಮಾನ ಬಂದು ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು ಎಂದು 2024ರ ತಿದ್ದುಪಡಿ ಹೇಳುತ್ತದೆ.

ಇದರಿಂದ ಆಗದ ಕೆಲಸಗಳು

ಮೀಟರ್ ಬದಲಾದ ಮಾತ್ರಕ್ಕೆ ಜೋತುಬಿದ್ದ ವೈರು ಬಿಗಿಯಾಗುವುದಿಲ್ಲ. ರಾಜ್ಯದಲ್ಲೇ ವಿದ್ಯುತ್ ಕೊರತೆ ಇದ್ದರೆ ಯಾವ ಸಾಫ್ಟ್‌ವೇರೂ ಕರೆಂಟ್ ಹುಟ್ಟಿಸುವುದಿಲ್ಲ. ಕೊಂಬೆ ಕಡಿಯಲು, ಎಣ್ಣೆ ಇಳಿದ ಟಿಸಿಗೆ ಎಣ್ಣೆ ಹಾಕಲು ಮನುಷ್ಯರೇ ಬೇಕು. ಮೊಬೈಲ್ ಸಿಗ್ನಲ್ ಸಿಗದ ತೋಟದ ಮನೆಯಲ್ಲಿ ಸ್ಮಾರ್ಟ್ ಮೀಟರ್ ಸಾದಾ ಮೀಟರ್‌ನಂತೆಯೇ. ತೆರೆದ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕರೂ ನಡೆಸುವವರಿಗೆ ಪಗಾರ ಕೊಡಲೇಬೇಕು. ಅದನ್ನು ಕಲಿತ ಎಂಜಿನಿಯರ್‌ಗಳು ಎಸ್ಕಾಂ ಒಳಗೇ ಇರದಿದ್ದರೆ, ಹೆಸರಿಗೆ ತೆರೆದಿದ್ದರೂ ಮತ್ತೆ ಒಬ್ಬ ಗುತ್ತಿಗೆದಾರರ ಕೈಗೇ ಹೋಗುತ್ತದೆ.

ಊರಿನವರು ಈಗಲೇ ಮಾಡಬಹುದಾದದ್ದು

ಸ್ಮಾರ್ಟ್ ಮೀಟರ್ ಬರುವವರೆಗೆ ಕಾಯಬೇಕಿಲ್ಲ. ಮಾಹಿತಿ ಕೂಡಿಡುವ ಕೆಲಸ ಅಂಗಡಿಯಲ್ಲೇ ಶುರುವಾಗಬಹುದು. ಕರೆಂಟ್ ಹೋದ, ಬಂದ ಸಮಯವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸ್ಟೆಬಿಲೈಸರ್ ಅಥವಾ ಸಣ್ಣ ವೋಲ್ಟ್‌ಮೀಟರ್ ತೋರಿಸುವ ವೋಲ್ಟೇಜ್ ಗುರುತು ಹಾಕಿ. 230 ವೋಲ್ಟ್‌ಗೆ ಶೇ. 6 ಹೆಚ್ಚು ಕಡಿಮೆ, ಅಂದರೆ 216ರಿಂದ 244ರ ನಡುವೆ ಇರಬೇಕು ಎಂಬುದು ಬಹುಕಾಲದ ಅಳತೆ. 1912ಕ್ಕೆ ದೂರು ಕೊಟ್ಟಾಗ ಆರ್‌ಆರ್ ನಂಬರ್ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫ್ಯೂಜ್, ಲೈನ್, ಟಿಸಿ ರಿಪೇರಿ ಪ್ರತಿಯೊಂದಕ್ಕೂ ಕೆಇಆರ್‌ಸಿ ಕಾಲಮಿತಿ ಗೊತ್ತುಮಾಡಿದೆ. ಮೀರಿದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ದೂರಿನ ಸಂಖ್ಯೆ ಇಲ್ಲದ ಬಾಯಿಮಾತಿಗೆ ಅಲ್ಲಿ ಬೆಲೆ ಕಡಿಮೆ.

ಸ್ಮಾರ್ಟ್ ಮೀಟರ್ ಹಾಕಲು ಬಂದ ದಿನ, ಅಥವಾ ಹೆಸ್ಕಾಂ ದರ ಪ್ರಸ್ತಾವದ ಮೇಲೆ ಕೆಇಆರ್‌ಸಿ ನಡೆಸುವ ಬಹಿರಂಗ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

ಈ ಮೀಟರ್ ಐಎಸ್ 16444 ಪ್ರಕಾರ ಇದೆಯೇ? ನಾಳೆ ಬೇರೆ ಕಂಪನಿಗೆ ಗುತ್ತಿಗೆ ಹೋದರೆ ಇದೇ ಮೀಟರ್ ನಡೆಯುತ್ತದೆಯೇ?

ಮೀಟರ್‌ನ ಕೀಲಿಕೈ ಹೆಸ್ಕಾಂ ಬಳಿ ಇರುತ್ತದೋ, ಗುತ್ತಿಗೆ ಕಂಪನಿಯ ಬಳಿಯೋ?

ನನ್ನ ಬಳಕೆಯ ಮಾಹಿತಿ ನನಗೆ ಕನ್ನಡದಲ್ಲಿ, ಮೊಬೈಲ್‌ನಲ್ಲಿ ಕಾಣುತ್ತದೆಯೇ? ನನ್ನನ್ನು ಕೇಳದೇ ಇನ್ಯಾರಿಗಾದರೂ ಕೊಡುತ್ತೀರಾ?

ಒಂದೇ ಸಲಕ್ಕೆ ನೂರಾರು ಸಂಪರ್ಕ ಕಡಿಯುವ ಆದೇಶ ತಪ್ಪಿ ಹೋಗದಂತೆ ತಡೆ ಏನಿದೆ?

ಟಿಸಿಗಳಿಗೂ ಮೀಟರ್ ಹಾಕುತ್ತೀರಾ, ಇಲ್ಲ ಅಂಗಡಿಗಳಿಗೆ ಮಾತ್ರವೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಂಗಡಿಗೆ ಮಾತ್ರ ಮೀಟರ್ ಹಾಕಿದರೆ ಅದು ಬಿಲ್ ವಸೂಲಿ ಯಂತ್ರ. ಟಿಸಿಗೂ ಫೀಡರ್‌ಗೂ ಹಾಕಿ, ಆ ಮಾಹಿತಿ ಊರಿನವರಿಗೂ ಕಂಡರೆ ಆಗ ಅದು ಸ್ಮಾರ್ಟ್ ಗ್ರಿಡ್. ‘ಎಲ್ಲಿ ಹೋಗೇತಿ ಅಂತ ಇನ್ನೂ ಸಿಕ್ಕಿಲ್ಲ’ ಎನ್ನುವ ಲೈನ್‌ಮನ್‌ಗೂ, ಅರ್ಧ ಬೀಸಿದ ಜೋಳ ಇಟ್ಟುಕೊಂಡು ಕಾಯುವ ಗಿರಣಿಯವರಿಗೂ ಒಟ್ಟಿಗೇ ಅನುಕೂಲ ಆಗುವುದು ಹಾಗೆ ಮಾಡಿದಾಗ ಮಾತ್ರ.